ಊದುಗೊಳವೆ ಮತ್ತು ಮರಳದಿಣ್ಣೆ

ನನ್ನ ಮಾವಯ್ಯನವರ ಬಲಗಿವಿಯ ಮಡಿಕೆಯಲ್ಲಿ ಯಾವಾಗಲೂ ಒಂದಿಷ್ಟು ಮರಳು ಇರುತ್ತಿತ್ತು. ಬಿಸಿಲಿಗೆ ಮುಖವೆಲ್ಲ ಕಪ್ಪಿಟ್ಟು, ರುಮಾಲು ಸುತ್ತುವ ಹಣೆಯಷ್ಟೇ ಬೆಳ್ಳಗೆ ಉಳಿದಿತ್ತು. ನನ್ನ ಗಂಡನ ತಂದೆ ಅವರು, ಮೋಜಣಿ ಕೆಲಸ. ಶಿರಸಿ ಪೇಟೆಯ ನಮ್ಮ ಮನೆಯಿಂದ ಸರಪಳಿ, ಗೂಟ ಕಟ್ಟಿಕೊಂಡು ಘಟ್ಟ ಇಳಿದರೆ, ಸಮುದ್ರದಂಡೆಯ ಮರಳದಿಣ್ಣೆಗಳನ್ನು ಅಳೆದು ನಕ್ಷೆ ಬರೆದುಕೊಂಡೇ ಹತ್ತುತ್ತಿದ್ದರು. ಯಾವ ದಿಣ್ಣೆ ನಿಂತಿದೆ, ಯಾವುದು ಸರಿದಿದೆ, ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕೂಡದು, ಅದೇ ಅವರ ಧ್ಯಾನ.

"ಸಮುದ್ರಾನೇ ಹೊತ್ಕಂಡು ಬಂದ್ರಾ? ಅಂಗಳದಲ್ಲೇ ಪಂಚೆ ಕೊಡವಿ ಒಳಗೆ ಬನ್ನಿ," ಎಂದು ಅತ್ತೆಮ್ಮ ಪ್ರತಿ ಸಲ ಗದರುತ್ತಿದ್ದರು. ಸೊಸೆಯನ್ನೂ ತಂಗಿ ಎಂದೇ ಕರೆಯುವ ಮಾವಯ್ಯ ಕೊಡವುತ್ತಾ ನನ್ನತ್ತ ತಿರುಗಿ, "ತಂಗೀ, ಮರಳು ಕೂತ್ಕಂಡ ಹಂಗೆ ಕಾಣ್ತು. ಕೂರ್ತಿಲ್ಲೆ, ನಡೀತಾ ಇರ್ತು," ಎನ್ನುತ್ತಿದ್ದರು.

ಆ ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರೆಲ್ಲ ಸೇರಿ, ಸಮುದ್ರಸ್ನಾನಕ್ಕೆ ಹೋಗುವವರಿಗೆಂದು ದಂಡೆಯಲ್ಲಿ ಧರ್ಮಶಾಲೆ ಕಟ್ಟಿಸಲು ಹೊರಟರು. ಮುಂದಾಳು ಮಂಚಿಕೇರಿಯ ಯಜಮಾನರು. ಅಲೆಯ ಎದುರಿನ ದಿಣ್ಣೆಯನ್ನು ಕಡಿದು ಮಟ್ಟ ಮಾಡಿ ಅದರ ಮೇಲೇ ಕಟ್ಟಬೇಕೆಂದು ಅವರ ಹಟ. ಮುಹೂರ್ತವೂ ಗೊತ್ತಾಗಿತ್ತು.

ನಮ್ಮ ಜಗಲಿಯಲ್ಲಿ ಸಭೆ ಸೇರಿತು. ಮಾವಯ್ಯ ನಕ್ಷೆ ಬಿಡಿಸಿ, ಎದುರಿನ ದಿಣ್ಣೆ ಮುಟ್ಟದೆ ಹಿಂದಿನ ದಿಣ್ಣೆಯ ಮರೆಗೆ ಕಟ್ಟಬೇಕೆಂದರು. ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತಾ, "ಭಾವಾ, ನಿನ್ನ ಕಾಗದದಲ್ಲಿ ಗೆರೆ ಇದ್ದು, ಸಮುದ್ರ ಇಲ್ಲೆ. ಹಿಂದೆ ಕಟ್ಟಿದ್ರೆ ಮುದುಕ್ರು ಅಷ್ಟು ದೂರ ಮರಳಲ್ಲಿ ಹೆಂಗೆ ನಡೆಯವು?" ಎಂದರು. ಎಲ್ಲರೂ ನಕ್ಕರು. ಒಳಬಾಗಿಲಲ್ಲಿ ನಿಂತ ನನಗೆ ನಗು ಬರಲಿಲ್ಲ. ನಾಳೆ ಅಲ್ಲಿ ಮಲಗುವವರು ನಾವೇ, ನಮ್ಮ ಮಕ್ಕಳೇ ಅಲ್ಲವೇ?

ಮಾವಯ್ಯ ಸಿಟ್ಟಾಗಲಿಲ್ಲ. "ತಂಗೀ, ಅಕ್ಕಿ ಹಿಟ್ಟು ತಗಂಡು ಬಾ. ಊದುಗೊಳವೆನೂ ತಾ."

"ಸಭೆಗೆ ದೋಸೆ ಎರೆಯೋ ಅಂದಾಜಾ?" ಎಂದರು ಅತ್ತೆಮ್ಮ.

ಮಾವಯ್ಯ ನಕ್ಷೆ ನೋಡಿ ಹೇಳಿದ ಹಾಗೆ, ರಂಗೋಲಿ ಹಾಕುವ ಕೈಯಲ್ಲಿ ನಾನು ಜಗಲಿಯ ಮೇಲೆ ಹಿಟ್ಟಿನ ದಿಣ್ಣೆ ಎಬ್ಬಿಸಿದೆ. ಸಮುದ್ರದ ಕಡೆಗೊಂದು, ಹಿಂದೊಂದು. ಮುಂದಿನದನ್ನು ಅವರು ಅಂಗೈಯಿಂದ ಮಟ್ಟ ಮಾಡಿ, ಧರ್ಮಶಾಲೆಯೆಂದು ಒಂದು ಅಡಿಕೆ ಇಟ್ಟರು. ಒಲೆ ಊದುವ ಕೊಳವೆಯನ್ನು ಯಜಮಾನರ ಕೈಗೇ ಕೊಟ್ಟು, "ಮಳೆಗಾಲದ ಗಾಳಿ ನೀನೇ. ಊದು," ಎಂದರು.

ಊದಿದರು. ಹಿಟ್ಟೆಲ್ಲ ಎದ್ದು ಎದುರು ಕೂತವರ ಮೀಸೆ ಬಿಳಿಯಾಯಿತು. ಅಡಿಕೆ ಉರುಳಿ ಅತ್ತೆಮ್ಮನ ಕಾಲ ಬಳಿ ಬಂದು ಬಿತ್ತು.

ಮತ್ತೆ ಎರಡೂ ದಿಣ್ಣೆ ಎಬ್ಬಿಸಿದೆವು. ಮರಳು ಹಿಡಿಯುವ ಬಳ್ಳಿಯೆಂದು ಮಾವಯ್ಯ ಮುಂದಿನದಕ್ಕೆ ಗರಿಕೆ ಒತ್ತಿ, ಅಡಿಕೆಯನ್ನು ಹಿಂದಿನ ದಿಣ್ಣೆಯ ಮರೆಗಿಟ್ಟರು. ಅಡಿಕೆಯಿಂದ ಸಮುದ್ರದ ಕಡೆಗೆ, ದಿಣ್ಣೆ ಹಾಯ್ದು, ಬೆರಳಿಂದ ಓರೆಯಾಗಿ ಒಂದು ದಾರಿ ಎಳೆದು, "ಮುದುಕ್ರಿಗೆ ಇದು. ನೆಟ್ಟಗೆ ಕೊರೆದ್ರೆ ಗಾಳಿಯೂ ಅದೇ ದಾರಿ ಹಿಡೀತು," ಎಂದರು.

ಯಜಮಾನರು ಕೆನ್ನೆ ಉಬ್ಬಿಸಿ ಉಬ್ಬಿಸಿ ಊದಿದರು. ಮುಂದಿನ ದಿಣ್ಣೆ ಸವೆಯಿತು, ಅಡಿಕೆ ಅಲುಗಲಿಲ್ಲ. "ಸೋತೆ ಮಾರಾಯಾ," ಎಂದು ನಗುತ್ತಾ ಕೊಳವೆ ಕೆಳಗಿಟ್ಟರು. ಮುಹೂರ್ತ ಅದೇ ಉಳಿಯಿತು, ಜಾಗ ಬೇರೆಯಾಯಿತು!

ಮುಂದೊಂದು ಮಳೆಗಾಲ ಸಮುದ್ರ ಉಕ್ಕಿ ಎದುರಿನ ದಿಣ್ಣೆಯ ಅರ್ಧವನ್ನು ಕಚ್ಚಿಕೊಂಡು ಹೋಯಿತು. ಧರ್ಮಶಾಲೆಯ ಒಂದು ಹಂಚೂ ಕದಲಲಿಲ್ಲ. ಸುದ್ದಿ ತಂದವರು ಯಜಮಾನರೇ. ಜಗಲಿ ಹತ್ತುವ ಮೊದಲೇ ಕೂಗಿದರು: "ಭಾವಾ, ನಿನ್ನ ಅಡಿಕೆ ಕೂತಲ್ಲೇ ಇದ್ದೋ!" ಮಾವಯ್ಯನ ಆ ದಿನದ ನಗು ನೋಡಬೇಕಿತ್ತು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಮಾವಯ್ಯ ತೀರಿಕೊಂಡ ಮರುವರ್ಷ ಅತ್ತೆಮ್ಮನನ್ನು ಸ್ನಾನಕ್ಕೆ ಕರೆದೊಯ್ದೆವು. ಮೊಣಕಾಲು ನೋವಿನವರು, ಆ ಓರೆ ದಾರಿಯಲ್ಲಿ ಯಾರ ಕೈಯನ್ನೂ ಹಿಡಿಯದೆ ನಡೆದರು. ಸಮುದ್ರ ಕಚ್ಚಿದ ದಿಣ್ಣೆ ಮತ್ತೆ ತುಂಬಿಕೊಂಡಿತ್ತು. ಮೇಲೆಲ್ಲ ನೇರಳೆ ಹೂವಿನ ಬಳ್ಳಿ. ಕಣ್ಣಾರೆ ಕಾಣಲು ದೇವರು ನನಗೆ ಅಷ್ಟು ಕೊಟ್ಟ, ಸಾಕು.

ಮನೆಗೆ ಬಂದಾಗ ಅತ್ತೆಮ್ಮನ ಸೆರಗಿನ ಮರಳನ್ನು ಅಂಗಳದಲ್ಲೇ ಕೊಡವಲು ಹೋದೆ. ಅವರು ಸೆರಗು ಬಿಗಿಹಿಡಿದು, "ಇರ್ಲಿ ಬಿಡೇ. ಇವತ್ತು ಒಳಗೇ ಬರ್ಲಿ," ಎಂದರು.