ನಾನು ನೋಡದ ಹೊಗೆ

ಸಂಜೀವಣ್ಣ, ಆ ದಿನ ನಾನು ತಾರಸಿಗೆ ಹತ್ತಲೇ ಇಲ್ಲ. ಚಿಮಣಿಯ ಬಾಯಿಂದ ಹೊಗೆ ಬಂದದ್ದನ್ನು ನೋಡಿದೆ ಎಂದೆನಲ್ಲ — ಅದು ಸುಳ್ಳು. ಏಳು ವರ್ಷಗಳಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಈ ಕೊಲ್ಲಿ ನಾಡಿನ ಶುವೈಖಿನ ಅದೇ ವರ್ಕ್‌ಶಾಪಿನಲ್ಲಿ, ನೀವು ಕೂರುತ್ತಿದ್ದ ಸ್ಟೂಲಿನಲ್ಲೇ ಕುಳಿತು ಊಟ ಮಾಡುತ್ತಿದ್ದೇನೆ. ನಾಚಿಕೆಗೆಟ್ಟವನು ನಾನು.

ಆ ಮನೆಯ ಯಜಮಾನರ ತಾಯಿಗೆ ಚಳಿ ತಡೆಯುತ್ತಿರಲಿಲ್ಲ. ಕೋಣೆ ಬೆಚ್ಚಗಿಡುವ ಸೌದೆಯ ಹಳೆಯ ಒಲೆ ತೆಗೆದು ಅಲ್ಲಿ ಗ್ಯಾಸಿನ ಒಲೆ ಕೂರಿಸಲು ನಮ್ಮನ್ನು ಕರೆದಿದ್ದರು. ಗ್ಯಾಸಿನ ವಿಷಹೊಗೆ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅದರ ದಾರಿಯನ್ನು ಎರಡು ಸಲ ನೋಡಬೇಕು ಎಂದು ಕಲಿಸಿದವರೇ ನೀವು. ಚಿಮಣಿ ಇದೆ ಎಂದರೆ ಸಾಲದು. ಕೆಳಗೆ ಕಣ್ಣಿಗೆ ಕಾಣುವ ಹೊಗೆ ಬಿಡುವ ಗುಳಿಗೆ ಹಚ್ಚಬೇಕು, ಮೇಲೆ ಒಬ್ಬ ನಿಂತು ಹೊಗೆ ಹೊರಬರುವುದನ್ನು ಕಣ್ಣಾರೆ ಕಾಣಬೇಕು.

ಮೇಲೆ ನಿಲ್ಲಬೇಕಾದವನು ನಾನು. ಆದರೆ ತಾರಸಿಯಲ್ಲಿ ಮನೆಯ ಹೆಂಗಸರು ಕಂಬಳಿ ಒಣಗಿಸುತ್ತಿದ್ದರು. ಹೊರಗಿನ ಗಂಡಸು ಅಲ್ಲಿ ಕಾಲಿಡುವಂತಿಲ್ಲ. ಅರ್ಧ ಗಂಟೆ ಕಾಯಿ ಎಂದ ಆ ಮನೆಯ ಡ್ರೈವರ್. ಕಾಯಬಹುದಿತ್ತು — ಆದರೆ ಅಂದೇ ಫಿಂಟಾಸಿನಲ್ಲಿ ನಮ್ಮ ತಂಡದ ಕ್ರಿಕೆಟ್ ಪಂದ್ಯವಿತ್ತು, ಮೊದಲು ಬ್ಯಾಟ್ ಹಿಡಿಯುವವನು ನಾನು. ಕ್ರಿಕೆಟ್! ಬರೆಯಲು ಕೈ ಬರುವುದಿಲ್ಲ. ಕೊನೆಯ ಮೆಟ್ಟಿಲ ಮೇಲೆ, ತಾರಸಿಯ ಮುಚ್ಚಿದ ಬಾಗಿಲಿಗೆ ಒರಗಿ ಕುಳಿತಿದ್ದಾಗ ಕೆಳಗಿನಿಂದ ನಿಮ್ಮ ಫೋನ್ ಬಂತು.

"ಹೊಗೆ ಒಳಗೆ ಸ್ವಲ್ಪ ವಾಪಸ್ ಬರ್ತಾ ಉಂಟು ಮಾರಾಯ. ಮೇಲೆ ಬಂತಾ?"

"ಬಂತು ಅಣ್ಣ, ಚೆಂದ ಬಂತು. ಕೆಲಸ ಖಲಾಸ್."

ಚಿಮಣಿ ಇನ್ನೂ ತಣ್ಣಗಿದೆ, ಮೊದಮೊದಲು ಹೊಗೆ ಸ್ವಲ್ಪ ಹಿಂದಕ್ಕೆ ಬರುತ್ತದೆ ಎಂದುಕೊಂಡಿರಿ ನೀವು. ನನ್ನ ಮಾತು ನಂಬಿ, ಎಲ್ಲ ಸರಿಯಿದೆ ಎಂಬ ಕಾಗದಕ್ಕೆ ಸಹಿ ಹಾಕಿದಿರಿ.

ಮೂರನೆಯ ದಿನ ಆ ತಾಯಿ ಬೆಂಕಿಯ ಮುಂದೆ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಎಲ್ಲರೂ ಆಸ್ಪತ್ರೆಗೆ ಓಡಿದ್ದರು. ಗ್ಯಾಸ್ ಬಂದ್ ಮಾಡಲು ಮೊದಲು ಹೋದವನು ನಾನೇ — ಇದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ತಾರಸಿಯ ಬಾಗಿಲು ಅಂದು ತೆರೆದಿತ್ತು. ಹತ್ತಿ ನೋಡಿದರೆ ಚಿಮಣಿಯ ಬಾಯಿಗೆ ಒಂದು ಹಲಗೆ, ಮೇಲೆ ಎರಡು ಇಟ್ಟಿಗೆ. ಬೇಸಿಗೆಯ ಧೂಳಿಗೆ ಯಾರೋ ಮುಚ್ಚಿ ಮರೆತಿದ್ದರು. ನಾನು ಅದನ್ನು ತೆಗೆದು ನೀರಿನ ಟ್ಯಾಂಕಿನ ಹಿಂದೆ ಹಾಕಿದೆ. ನನ್ನ ಸುಳ್ಳು ಬಯಲಾಗಬಾರದೆಂದು ಹಾಕಿದೆ.

ತಪಾಸಣೆಯವರು ಬಂದಾಗ ಚಿಮಣಿಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ದೂರಲು ಉಳಿದದ್ದು ನೀವು ಕೂರಿಸಿದ ಪೈಪಿನ ಜೋಡಣೆ ಒಂದೇ. ಅದು ಸೋರಿದೆ ಎಂದು ಬರೆದುಕೊಂಡರು. ಠಾಣೆಯಲ್ಲಿ ನೀವು ಒಂದೇ ಸಲ ಕೇಳಿದಿರಿ: "ನೀನು ಸರೀ ನೋಡಿದ್ದೀ ಅಲ್ವಾ?" ನಾನು "ನೋಡಿದ್ದೇನೆ ಅಣ್ಣ" ಎಂದೆ. "ಹಾಗಾದ್ರೆ ನನ್ನ ಕೈಯದ್ದೇ ತಪ್ಪು" ಎಂದು ನೀವು ತಲೆ ತಗ್ಗಿಸಿದಿರಿ. ಆಮೇಲೆ ಲಾಕಪ್ಪು, ಇಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿ ರದ್ದು, ಊರಿನ ವಿಮಾನ. ಆ ತಾಯಿ ಬದುಕಿದರು. ಮಾತು ಮಾತ್ರ ಮರಳಲಿಲ್ಲ.

ಹೋದ ತಿಂಗಳು ಹವಲ್ಲಿಯಲ್ಲಿ ನಿಮ್ಮ ಮಗಳು ಸಿಕ್ಕಳು. ಇಲ್ಲಿ ನರ್ಸ್ ಆಗಿ ಬಂದಿದ್ದಾಳೆ ಎಂದು ನನಗೆ ತಿಳಿದಿರಲಿಲ್ಲ. "ಅಪ್ಪ ಈಗ ಅಡುಗೆಮನೆಯ ಸಿಲಿಂಡರನ್ನೂ ಮುಟ್ಟುದಿಲ್ಲ ಮಾಮ, ಅಮ್ಮನೇ ಬದಲಿಸುದು. ತನ್ನ ಕೈ ಸರಿ ಇಲ್ಲ ಅಂತಾರೆ" ಎಂದಳು. ನಾನು ನಡುರಸ್ತೆಯಲ್ಲಿ ಅತ್ತುಬಿಟ್ಟೆ. ಅವಳಿಗೆ ಯಾಕೆಂದು ಹೇಳಲಿಲ್ಲ — ಮೊದಲು ನಿಮಗೆ ಹೇಳಬೇಕಿತ್ತು.

ನಿಮ್ಮ ಜೋಡಣೆ ಸೋರಿರಲಿಲ್ಲ ಅಣ್ಣ. ಕೆಲಸ ಕೆಡಿಸಿದ್ದು ನಾನು. ನಾಳೆ ಆ ಮನೆಗೆ ಹೋಗಿ ಯಜಮಾನರಿಗೂ ಇದನ್ನೇ ಹೇಳುತ್ತೇನೆ. ಮುಂದೆ ಏನಾಗುತ್ತದೋ ಆಗಲಿ. ಅವರ ತಾಯಿಯ ಎದುರಿಗೇ ಹೇಳುತ್ತೇನೆ. ಆಕೆ ನನ್ನನ್ನು ಬೈಯಲಾರರು. ನೀವು ಬೈಯಿರಿ.