ಆಯಿ ಬಿಟ್ಟು ಬಂದ ಪಲ್ಲೆ

ಆಷಾಢದ ದಿಂಡಿ ಯಾತ್ರೆಯ ಜೊತೆ ಪಂಢರಪುರಕ್ಕೆ ಹೋಗಿ ಬಂದ ಆಯಿಯ ಮೊಣಕೈ ಕೆಳಗೆ ಮುಂದಿನ ವಾರವೇ ನೇರಳೆ ಹಣ್ಣಿನಂಥ ಕಲೆಯೊಂದು ಕಂಡಿತು. ಆಡು ಗುದ್ದಿತು ಅಂದಳು. ಆಕೆಯ ಗುಳಿಗೆ, ಊಟದ ಲೆಕ್ಕ ಇಡುವ ದಿನಚರಿಯಲ್ಲಿ ಹಾಗೆಯೇ ಬರೆದುಕೊಂಡೆ. ಗುರುವಾರ ಅಂಥದೇ ಕಲೆ ಬೆನ್ನಿನ ಮೇಲೆ ಕಂಡಾಗ ಏನು ಬರೆಯಬೇಕೋ ತಿಳಿಯಲಿಲ್ಲ.

ಆಯಿ ನನ್ನ ಅಪ್ಪನ ತಾಯಿ. ಎದೆಬಡಿತ ತಾಳ ತಪ್ಪುತ್ತದೆಂದು ಎರಡು ವರ್ಷದಿಂದ ರಕ್ತ ತೆಳ್ಳಗಾಗುವ ಗುಳಿಗೆ ನುಂಗುತ್ತಿದ್ದಾಳೆ. ಅವ್ವ ಬೆಳಿಗ್ಗೆಯೇ ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುವುದರಿಂದ ಗುಳಿಗೆ, ಊಟ ಎರಡೂ ನನ್ನ ಪಾಲಿಗೆ ಬಂದವು. ಜತ್ತದ ಡಾಕ್ಟರು ಮೊದಲ ದಿನವೇ ನನ್ನನ್ನು ಕೂಡಿಸಿಕೊಂಡು ಹೇಳಿದ್ದರು: ಇದು ಎರಡು ಕಡೆ ಹರಿತವಿರುವ ಗುಳಿಗೆ. ಕಡಿಮೆಯಾದರೆ ರಕ್ತ ಗಡ್ಡೆ ಕಟ್ಟುತ್ತದೆ. ಹೆಚ್ಚಾದರೆ ಒಳಗೊಳಗೇ ಸೋರುತ್ತದೆ, ತಲೆಯೊಳಗೆ ಸೋರಿದರೆ ಹೊರಗೆ ಗೊತ್ತೂ ಆಗುವುದಿಲ್ಲ.

ಕಾಲೇಜಿನಲ್ಲಿ ಒಮ್ಮೆ ಮುಪ್ಪಿನ ಬಗ್ಗೆ ಪಾಠವಾಯಿತು. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಮೈಯ ಕಣಗಳೂ ಸವೆಯುತ್ತವೆ, ಬಣ್ಣಬಣ್ಣದ ಕಾಯಿಪಲ್ಲೆ, ಹಣ್ಣುಗಳಲ್ಲಿರುವ ಆಂಟಿಆಕ್ಸಿಡೆಂಟ್‌ಗಳು ಆ ಸವೆತವನ್ನು ನಿಧಾನ ಮಾಡಬಲ್ಲವು ಎಂದು ಮೇಡಂ ಹೇಳಿದರು. ಅಂದಿನಿಂದ ನನ್ನ ದಿನಚರಿಯಲ್ಲಿ ಆಯಿಯ ತಾಟಿನ ಬಣ್ಣಗಳ ಲೆಕ್ಕ ಸೇರಿತು. ಸಿಪ್ಪೆ ಬಿರಿದು ಪೆಟ್ಟಿಗೆಗೆ ಹಾಕದ ದಾಳಿಂಬೆಯನ್ನು ಅವ್ವ ಉಡಿಯಲ್ಲಿ ತರುತ್ತಿದ್ದಳು, ಅದು ಕೆಂಪು. ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ, ಕಂದು. ಹಸಿರಂತೂ ಕೇಳಲೇಬೇಕಿರಲಿಲ್ಲ, ಹತ್ತರಕಿಯೋ ರಾಜಗಿರಿಯೋ ಯಾವುದಾದರೊಂದು ಸೊಪ್ಪಿನ ಪಲ್ಲೆ ಇಲ್ಲದೆ ಆಯಿ ರೊಟ್ಟಿ ಮುರಿದವಳೇ ಅಲ್ಲ. ಡಾಕ್ಟರನ್ನು ಕೇಳಿದಾಗ, ತಿನ್ನಲಿ, ಆದರೆ ಪಲ್ಲೆ ದಿನಾ ತಿನ್ನುವಷ್ಟೇ ತಿನ್ನಲಿ, ಹೆಚ್ಚೂ ಬೇಡ ಕಡಿಮೆಯೂ ಬೇಡ, ಅದನ್ನು ನೋಡಿಯೇ ಗುಳಿಗೆಯ ಅಳತೆ ಇಟ್ಟಿದ್ದೇನೆ ಅಂದಿದ್ದರು.

ಶನಿವಾರ ಬೆಳಿಗ್ಗೆ ಆಯಿ ಕಟ್ಟೆಯ ಮೇಲೆ ಕೂತು ಮಿಸರಿ ಉಜ್ಜುತ್ತಿದ್ದಳು. ಸುಟ್ಟ ತಂಬಾಕಿನ ಆ ಪುಡಿ ಇಲ್ಲದೆ ಆಕೆಗೆ ಬೆಳಗಾಗುವುದಿಲ್ಲ. ಉಗುಳಿದಾಗ ಕಪ್ಪಿನ ನಡುವೆ ಕೆಂಪು ಇತ್ತು. ನನ್ನನ್ನು ನೋಡಿದವಳೇ ಕಾಲಿನಿಂದ ಮಣ್ಣು ಎಳೆದು ಅದನ್ನು ಮುಚ್ಚಿದಳು. ಆಕೆ ಆಡು ಹೊಡೆದುಕೊಂಡು ಕಲ್ಲುಬೋರೆ ಏರುವಾಗ ನಾನು ಹಿಂದೆಯೇ ಹೋದೆ. ಎಲ್ಲಿ ಎಡವುತ್ತಾಳೋ, ಎಲ್ಲಿ ತಲೆ ತಾಗುತ್ತದೋ ಎಂದು ಆಕೆಯ ಹಿಮ್ಮಡಿಗಳನ್ನಷ್ಟೇ ನೋಡುತ್ತ ನಡೆದೆ.

ಗುಳಿಗೆ ತಪ್ಪಿರಲಿಲ್ಲ, ಹೆಚ್ಚೂ ಆಗಿರಲಿಲ್ಲ. ಹಾಗಾದರೆ ಮತ್ತೇನು? ಅಂದು ಮಧ್ಯಾಹ್ನ ಊಟಕ್ಕೆ ಆಕೆಯ ಎದುರಿಗೇ ಕೂತೆ. ತಾಟು ಇಟ್ಟ ಸ್ವಲ್ಪ ಹೊತ್ತಿಗೆ ಕರಿ ಆಡು ಯಾರೂ ಕರೆಯದೆ ಹೊಸ್ತಿಲಿಗೆ ಬಂದು ನಿಂತಿತು. ರೊಟ್ಟಿಯ ಕೆಳಗೆ ಸರಿಸಿಟ್ಟಿದ್ದ ಪಲ್ಲೆಯನ್ನು ಆಯಿ ತಾನೂ ತಿನ್ನಲಿಲ್ಲ, ಆಡಿಗೂ ಹಾಕಲಿಲ್ಲ. ಆಡೇ ಕತ್ತು ಚಾಚಿ ತಾಟಿಗೆ ಬಾಯಿ ಹಾಕಿತು. ದಿನವೂ ಅದೇ ತಿನ್ನುತ್ತಿತ್ತೆಂದು ಆಗ ತಿಳಿಯಿತು.

"ಪಲ್ಲೆ ಯಾಕ ತಿನ್ನವಲ್ಲಿ ಆಯಿ?"

"ಪಾಂಡುರಂಗನ ಕಾಲಾಗ ಬಿಟ್ಟು ಬಂದೀನಿ."

ಪಂಢರಪುರಕ್ಕೆ ಹೋದವರು ಪ್ರೀತಿಯ ತಿನಿಸೊಂದನ್ನು ದೇವರಿಗೆ ಬಿಟ್ಟು ಬರುವುದು, ಮತ್ತೆ ಬದುಕಿರುವವರೆಗೆ ಮುಟ್ಟದಿರುವುದು ನಮ್ಮ ಕಡೆ ಇರುವ ರೂಢಿ. ಏನು ಬೇಡಿಕೊಂಡಿ ಎಂದು ಕೇಳಿದೆ. ಆಯಿ ಆಡಿನ ಕೋಡು ಹಿಡಿದು ಹೊರಗೆ ನೂಕಿದಳು.

"ಹಾಸಗಿ ಹಿಡೀಬಾರ್ದು. ನಿನ್ನ ಕೈಲೆ ಹೇಲು ಉಚ್ಚಿ ಬಳಿಸ್ಕೋಬಾರ್ದು. ನಡಕೋತ ಇದ್ದಾಂಗ ಹೋಗಬೇಕು ಅಂತ ಬೇಡ್ಕೊಂಡೆ."

ಮಧ್ಯಾಹ್ನದ ಬಸ್ಸಿಗೇ ಜತ್ತಕ್ಕೆ ಹೋದೆವು. ಬಸ್ಸು ರಸ್ತೆಯ ಕುಣಿಯಲ್ಲಿ ಇಳಿದಾಗಲೆಲ್ಲ ಆಕೆಯ ತಲೆ ಕಿಟಕಿಗೆ ತಾಗದಂತೆ ನಾನು ಅಂಗೈ ಒಡ್ಡಿದ್ದೆ. ಮಗುವಿನಂತೆ ಹಿಡಕೊಂಡೀ ಎಂದು ಆಕೆ ಬೈಯುತ್ತಿದ್ದಳು. ತಪಾಸಣೆಯಲ್ಲಿ ರಕ್ತ ಇರಬೇಕಾದ್ದಕ್ಕಿಂತ ಬಹಳ ತೆಳ್ಳಗಾಗಿತ್ತು. ಡಾಕ್ಟರು ಗುಳಿಗೆ ನಿಲ್ಲಿಸಿ, ಎರಡು ದಿನ ಬಿಟ್ಟು ಮತ್ತೆ ಬರಲು ಹೇಳಿದರು. ಹಸಿರು ಪಲ್ಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಸತ್ವವಿದೆ, ಅದು ಒಮ್ಮೆಲೇ ನಿಂತದ್ದರಿಂದ ಅದೇ ಗುಳಿಗೆ ಈಗ ಜೋರಾಗಿದೆ ಎಂದು ತಿಳಿಸಿದರು. ಮೊದಲಿನಂತೆ ಪಲ್ಲೆ ತಿನ್ನಬೇಕು, ಮಿಸರಿಯನ್ನು ಮಾತ್ರ ಬಿಡಬೇಕು ಅಂದರು.

"ದೇವರಿಗಿ ಕೊಟ್ಟದ್ದು ತಿರುಗಿ ಇಸ್ಕೋತಾರೇನ್ರೀ ಡಾಕ್ಟರ್ರ?" ಎಂದು ಆಯಿ ಕೇಳಿದಳು. ಡಾಕ್ಟರು ಚೀಟಿ ಬರೆದು ನನ್ನ ಕೈಗೆ ಕೊಟ್ಟರು.

ಉತ್ತರ ಕೊಟ್ಟವಳು ಅವ್ವ. ತೋಟದಿಂದ ಬಂದು ಎಲ್ಲವನ್ನೂ ಕೇಳಿ, ಕಾಲು ತೊಳೆಯುತ್ತಲೇ ಅಂದಳು: "ಅತ್ತಿ, ಖರೇ ಹೇಳ್ರಿ. ನಿಮಗ ಪಲ್ಲೆ ಹೆಚ್ಚಿಂದೋ ಮಿಸರಿ ಹೆಚ್ಚಿಂದೋ? ಕಡಿಮಿದು ವಿಠೋಬಗ ಕೊಟ್ಟು ಹೆಚ್ಚಿಂದು ಟೊಂಕದಾಗ ಸಿಗಿಸ್ಕೊಂಡು ಬಂದೀರಿ. ಅಂವಗ ತಿಳಿಯೂದಿಲ್ಲೇನು?"

ಆಯಿ ಅವಳ ತವರುಮನೆಯನ್ನೆಲ್ಲ ಸೇರಿಸಿ ಬೈದಳು. ಆದರೆ ಮರುದಿನ ಮಿಸರಿ ಉಜ್ಜಲಿಲ್ಲ. ಸ್ನಾನ ಮಾಡಿ, ಊರಿನ ವಿಠೋಬನ ಗುಡಿಗೆ ಹೋಗಿ, ಮಿಸರಿಯ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಬಹಳ ಹೊತ್ತು ಏನೋ ಮಾತಾಡಿದಳು. ಬಂದು ಊಟಕ್ಕೆ ಕೂತು, ರೊಟ್ಟಿಯಲ್ಲಿ ಹತ್ತರಕಿ ಸುತ್ತಿ ಬಾಯಿಯ ಹತ್ತಿರ ತಂದು ನಿಲ್ಲಿಸಿದಳು. ದೇವರು ಈ ಬದಲಿಯನ್ನು ಒಪ್ಪಿದನೋ ಇಲ್ಲವೋ ಎಂದು ಆಕೆಗೆ ಹೆದರಿಕೆ. ನುಂಗುತ್ತಾಳೋ ಇಲ್ಲವೋ ಎಂದು ನನಗೆ. ಕಣ್ಣು ಮುಚ್ಚಿ ನುಂಗಿದಳು.

ಮುಂದಿನ ತಪಾಸಣೆಗಳಲ್ಲಿ ರಕ್ತ ಮೆಲ್ಲಗೆ ಅಳತೆಗೆ ಬಂತು. ಡಾಕ್ಟರು ಗುಳಿಗೆ ಮತ್ತೆ ಶುರು ಮಾಡಿಸಿದರು. ನನ್ನ ಹೆದರಿಕೆ ಮಾತ್ರ ಹೋಗಿಲ್ಲ. ಈಗ ತಾಟು ಖಾಲಿಯಾಗುವವರೆಗೆ ಎದುರಿಗೆ ಕೂರುತ್ತೇನೆ, ಆಡು ಬರದಂತೆ ಬಾಗಿಲು ಹಾಕಿರುತ್ತೇನೆ, ಆಮೇಲೆಯೇ ಹಸಿರು ಎಂದು ಬರೆಯುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಆಕೆಯ ತೋಳು ಹುಡುಕುತ್ತವೆ ನನ್ನ ಕಣ್ಣು. ಆಯಿಗೆ ಅದು ಗೊತ್ತು. ಕುಪ್ಪಸದ ತೋಳು ತಾನೇ ಮೇಲೇರಿಸಿ, ಎರಡೂ ಕೈ ಬೆಳಕಿಗೆ ಚಾಚುತ್ತಾಳೆ.

"ನೋಡ್ಕೋ ಖೋಡಿ. ಇವತ್ತ ಆಡು ಗುದ್ದಿಲ್ಲ."