ದೇವರಾಜು ಸವರಿದ ಅಲ್ಯಾನಿಕೊ

ಹೇವರ್ಡಿನ ನನ್ನ ಅಂಗಡಿಯಲ್ಲಿ ತೌರಾಸಿ ಎಂಬ ಇಟಲಿಯ ಕೆಂಪು ವೈನಿನ ಪೆಟ್ಟಿಗೆಯೊಂದು ಯಾವಾಗಲೂ ಇರುತ್ತದೆ. ಯಾವಾಗಲೂ ಇರುತ್ತದೆ ಎಂದರೆ ಮಾರಾಟವಾಗುವುದಿಲ್ಲ ಎಂದು ಅರ್ಥ. ಅಲ್ಯಾನಿಕೊ ಎಂಬ ದ್ರಾಕ್ಷಿಯಿಂದ ಅದನ್ನು ಮಾಡುತ್ತಾರೆ. ಇಟಲಿಯ ದಕ್ಷಿಣದ ಬೆಟ್ಟಗಳ ಹಣ್ಣು ಅದು. ಬೇಗ ಚಿಗುರುತ್ತದೆ, ಎಲ್ಲಕ್ಕಿಂತ ತಡವಾಗಿ ಹಣ್ಣಾಗುತ್ತದೆ. ಮದುವೆಮನೆಗೆ ಮೊದಲು ಬಂದು ಕೊನೆಯ ಪಂಕ್ತಿಗೆ ಕೂರುವ ನೆಂಟನ ಹಾಗೆ. ವೈನು ಕಪ್ಪುಗೆಂಪು, ಮೈತುಂಬಿದ್ದು. ಎಳೆಯದಾಗಿದ್ದಾಗ ಕುಡಿದರೆ ಬಾಳೆಕಾಯಿ ಸಿಪ್ಪೆ ಜಗಿದಂತೆ ನಾಲಿಗೆಯನ್ನು ಹಿಡಿದುಕೊಳ್ಳುತ್ತದೆಯಂತೆ. ಹತ್ತು ವರ್ಷ ಕಾಯಿಸಿದರೆ ಅದರಂಥದ್ದು ಇನ್ನೊಂದಿಲ್ಲವಂತೆ. ಇವತ್ತು ಕೊಂಡುಹೋಗಿ ಹತ್ತು ವರ್ಷದ ಮೇಲೆ ಕುಡಿ ಎಂದು ಗಿರಾಕಿಗೆ ಹೇಳುವುದು ವ್ಯಾಪಾರವಲ್ಲ, ಉಪದೇಶ. ನಾನಂತೂ ಮಾರುವವನೇ ಹೊರತು ಕುಡಿಯುವವನಲ್ಲ. ಈ ಮಾತುಗಳೆಲ್ಲ ಗಿರಾಕಿಗಳಿಂದ ಕೇಳಿದವು.

ಆದರೆ ಆ ದ್ರಾಕ್ಷಿಯನ್ನು ಬೆಳೆದ ಒಬ್ಬನನ್ನು ನಾನು ಬಲ್ಲೆ. ಅವನೂ ಒಂದು ತೊಟ್ಟು ಕುಡಿದವನಲ್ಲ.

ದೇವರಾಜು ದೇವನಹಳ್ಳಿ ಕಡೆಯವನು. ಅವನ ತಂದೆಯದು ನಾಲ್ಕೆಕರೆ ಬೆಂಗಳೂರು ಬ್ಲೂ ದ್ರಾಕ್ಷಿಯ ತೋಟ. ಹೆಂಡತಿ ಪ್ರಭಾಗೆ ಹೇವರ್ಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು; ೧೯೮೦ರಲ್ಲಿ ಇವನು ಅವಳ ಹಿಂದೆ ಈ ದೇಶಕ್ಕೆ ಬಂದ. ನಮ್ಮ ಕನ್ನಡದವರ ಪಿಕ್ನಿಕ್ಕಿನಲ್ಲಿ ಯಾರೇ ಹೊಸಬರು ಬಂದರೂ ಮೊದಲ ಪ್ರಶ್ನೆ ಯಾವ ಕಂಪನಿ ಎಂದು, ಎರಡನೆಯದು ಯಾವ ಕಾಲೇಜು ಎಂದು. ದೇವರಾಜು ಎರಡಕ್ಕೂ ಒಟ್ಟಿಗೇ ಉತ್ತರ ಕೊಡುತ್ತಿದ್ದ: "ಗೋಡೌನು ಸಾರ್. ಬಾಟ್ಲಿ, ಬಿರಡೆ, ಪೀಪಾಯಿ. ಎಂಟನೇ ಕ್ಲಾಸು." ಕೇಳಿದವರು ಚಿತ್ರಾನ್ನದ ಕಡೆ ನಡೆದುಬಿಡುತ್ತಿದ್ದರು. ಅವನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಚಿತ್ರಾನ್ನವನ್ನು ಅವನು ಅವರಿಗಿಂತ ಮೊದಲೇ ಮುಗಿಸಿರುತ್ತಿದ್ದ.

೧೯೮೪ರ ಫೆಬ್ರವರಿಯಲ್ಲಿ ನಾನು ಆ ಗೋಡೌನಿಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಕೇಳಲು ಹೋಗಿದ್ದೆ. ಕಾರ್ಮೆಲಾ ಎಂಬ ಎಪ್ಪತ್ತು ದಾಟಿದ ಇಟಾಲಿಯನ್ ಹೆಂಗಸು ಅಲ್ಲಿ ನಿಂತಿದ್ದಳು. ಸರಟೋಗಾದ ಬೆಟ್ಟದ ತಗ್ಗಿನಲ್ಲಿ ಅವಳಿಗೆ ಅರ್ಧ ಎಕರೆ ದ್ರಾಕ್ಷಿ. ಸತ್ತ ಗಂಡ ಊರಿನಿಂದ ಅಲ್ಯಾನಿಕೊ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಉಣ್ಣೆಯ ಕಾಲುಚೀಲದೊಳಗಿಟ್ಟು ತಂದು ನೆಟ್ಟದ್ದಂತೆ. ಹಿಂದೆ ಪ್ರತಿವರ್ಷ ಒಂದು ಪೀಪಾಯಿ ಕೊಳ್ಳುತ್ತಿದ್ದವಳು ಇನ್ನು ಮೇಲೆ ಬೇಡವೆಂದು ಹೇಳಲು ಬಂದಿದ್ದಳು. ಮೂರು ವರ್ಷದಿಂದ ವಸಂತದಲ್ಲಿ ಹೆಪ್ಪುಗಟ್ಟುವ ಇಬ್ಬನಿಗೆ ಚಿಗುರು ಸುಟ್ಟು ಬೆಳೆಯೇ ಇಲ್ಲ. ಕೂಲಿಗೆ ಬಂದು ಕಡ್ಡಿ ಸವರುತ್ತಿದ್ದ ಮುದುಕನೂ ತೀರಿಕೊಂಡ. ಬರುವ ಜನವರಿಗೆ ಮಗ ಬುಲ್ಡೋಜರ್ ತರಿಸಿ ಬಳ್ಳಿಗಳನ್ನೆಲ್ಲ ಕೀಳಿಸುತ್ತಾನೆ.

ಪೀಪಾಯಿ ಉರುಳಿಸುತ್ತಿದ್ದ ದೇವರಾಜು ನಿಂತುಬಿಟ್ಟ. "ಶೆಟ್ರೆ, ಅವಮ್ಮಂಗೆ ಹೇಳಿ. ನಾನು ನೋಡ್ಕೊಂತೀನಿ, ಒಂದು ವರ್ಷ."

"ನೀನೇ ಹೇಳಪ್ಪ, ನಿನಗೂ ಬಾಯಿದೆ."

"ನಂದು ಗೋಡೌನ್ ಇಂಗ್ಲೀಷು. ನಿಮ್ದು ಅಂಗ್ಡಿ ಇಂಗ್ಲೀಷು. ನಿಮ್ಮದನ್ನ ಜನ ನಂಬ್ತಾರೆ."

ನಾನು ಹೇಳಿದೆ. ಕಾರ್ಮೆಲಾ ನನ್ನ ಮುಖ ನೋಡಲಿಲ್ಲ. ಅವನ ಕೈಯನ್ನು ಹಿಡಿದು ತಿರುಗಿಸಿ, ಹೆಬ್ಬೆರಳ ಬುಡದಲ್ಲಿ ಕತ್ತರಿ ಹಿಡಿದು ಜಡ್ಡುಗಟ್ಟಿದ್ದ ಹಳೆಯ ಗುರುತನ್ನು ಒತ್ತಿ ನೋಡಿದಳು. "ಡಿಸೆಂಬರಿನೊಳಗೆ ನನ್ನ ತೋಟದ ವೈನು ಒಂದು ಪೀಪಾಯಿ ತುಂಬಬೇಕು. ತುಂಬಿದರೆ ಬಳ್ಳಿ ಉಳಿಯುತ್ತದೆ, ನಾನಿರುವ ತನಕ ನೀನೇ ನೋಡಿಕೊಳ್ಳುತ್ತೀಯ. ಇಲ್ಲದಿದ್ದರೆ ಮಗನ ಮಾತು ನಡೆಯುತ್ತದೆ," ಎಂದಳು.

ನಾಲ್ಕು ವರ್ಷದಿಂದ ಮಣ್ಣು ಮುಟ್ಟದ ಮನುಷ್ಯ ಅವನು. ಅಂದು ನನ್ನ ಪೆಟ್ಟಿಗೆಗಳನ್ನು ತಾನೇ ಹೊತ್ತು ಕಾರಿಗೆ ಹಾಕಿಕೊಟ್ಟ, ನನಗೆ ಬೇಕಾದುದಕ್ಕಿಂತ ಆರು ಹೆಚ್ಚು.

ಪ್ರತಿ ಶನಿವಾರ ಅವನು ಸರಟೋಗಾಕ್ಕೆ ಹೋದ. ಕಳೆ ಕಿತ್ತ, ವಾಲಿದ ಕಂಬಗಳನ್ನು ನೆಟ್ಟಗೆ ಮಾಡಿದ, ತಂತಿ ಬಿಗಿದ. ಸವರುವ ಕೆಲಸ ಮಾತ್ರ ಮಾಡಲಿಲ್ಲ. ಮಾರ್ಚ್ ಕೊನೆಗೆ ಕಡ್ಡಿಗಳ ತುದಿಯಲ್ಲಿ ಬೆರಳುದ್ದ ಚಿಗುರು ಬಂದಾಗ ಕಾರ್ಮೆಲಾ ನನ್ನ ಅಂಗಡಿಗೇ ಫೋನು ಮಾಡಿದಳು. ಇನ್ನೂ ಯಾಕೆ ಸವರಿಲ್ಲ ಎಂದು ನಾನು ದೇವರಾಜುವನ್ನು ಕೇಳಿದೆ.

"ಏಪ್ರಿಲ್ ಬರ್ಲಿ ಶೆಟ್ರೆ. ನಮ್ಮ ಕಡೆ ಯುಗಾದಿ ಆದ್ಮೇಲೇ ಕಟಿಂಗು. ಆಮೇಲೆ ಅಕ್ಟೋಬರ್‌ನಾಗೆ ಇನ್ನೊಂದು. ನಮ್ಮಪ್ಪ ಮಾಡಿದ್ದು, ನಮ್ಮ ತಾತ ಮಾಡಿದ್ದು."

"ನಿಮ್ಮ ತಾತ ಸರಟೋಗಾಕ್ಕೆ ಬಂದಿದ್ರೇನಯ್ಯ?"

"ದ್ರಾಕ್ಷಿ ದ್ರಾಕ್ಷಿನೇ ಬುಡಿ."

ಯುಗಾದಿ ಏಪ್ರಿಲ್ ಎರಡಕ್ಕೆ ಬಂತು. ಆ ವಾರದ ಶನಿವಾರ ಕತ್ತರಿ ಹಿಡಿದವನು ಭಾನುವಾರ ಸಂಜೆಯ ಹೊತ್ತಿಗೆ ಅಷ್ಟೂ ಸಾಲು ಮುಗಿಸಿದ. ಆ ಕೈಯ ಓಟ ನೋಡಬೇಕಿತ್ತು. ನಮ್ಮ ಎಂಜಿನಿಯರುಗಳು ಅಂಗಡಿಯಲ್ಲಿ ಒಂದು ಬದನೆಕಾಯಿ ಆರಿಸುವಷ್ಟರಲ್ಲಿ ಅವನು ಒಂದು ಬಳ್ಳಿ ಓದಿ, ಕಡ್ಡಿಯ ಬುಡದಲ್ಲಿ ಎರಡು ಮೊಳಕೆಗಣ್ಣು ಉಳಿಸಿ, ಮಿಕ್ಕಿದ್ದನ್ನು ಚಿಗುರಿನ ಸಮೇತ ಕೆಳಗೆ ಬೀಳಿಸಿರುತ್ತಿದ್ದ. ಕತ್ತರಿಸಿದ ತುದಿಗಳಿಂದ ನಲ್ಲಿ ಸರಿಯಾಗಿ ಮುಚ್ಚದ ಹಾಗೆ ನೀರು ತೊಟ್ಟಿಕ್ಕಿತು. ಕಾರ್ಮೆಲಾ ಅದನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನಗೂ ಒಳಗೊಳಗೆ ಅಳುಕು. ಲಿವರ್‌ಮೋರಿನಲ್ಲಿ ದ್ರಾಕ್ಷಿ ಬೆಳೆಯುವ ಗಿರಾಕಿಯೊಬ್ಬನನ್ನು ವಿಚಾರಿಸಿದೆ. ಅವನು ನಕ್ಕ. ಈ ದೇಶದಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ಮಲಗಿದ್ದಾಗಲೇ ಸವರಬೇಕು. ಚಿಗುರಿದ ಮೇಲೆ ಸವರಿದರೆ ಮೂರು ವಾರ ಹಿಂದೆ ಬೀಳುತ್ತದೆ ಎಂದ. ಯಾವ ತಳಿ ಎಂದು ಕೇಳಿದ. ಅಲ್ಯಾನಿಕೊ ಎಂದೆ. ನಗುವುದನ್ನು ನಿಲ್ಲಿಸಿದ. "ಅದು ಮೊದಲೇ ನವೆಂಬರಿನ ಹಣ್ಣು. ಇನ್ನು ಮಳೆಯಲ್ಲೇ ಕೊಯ್ಯಬೇಕು," ಎಂದ.

ದೇವರಾಜುವಿಗೆ ಹೇಳಿದಾಗ ಅವನು ಪೀಪಾಯಿಯೊಂದರ ಮೇಲೆ ಕುಳಿತ.

"ನಮ್ಮ ಕಡೆ ಬಳ್ಳಿ ನಿದ್ದೆ ಮಾಡಲ್ಲ ಶೆಟ್ರೆ. ವರ್ಷಪೂರ್ತಿ ಎಚ್ಚರವೇ. ಅದಕ್ಕೇ ಎರಡು ಕಟಿಂಗು. ಇಲ್ಲಿ ನಿದ್ದೆ ಮಾಡ್ತದೆ ಅಂತ ನನಗೆ ಯಾಕೆ ಹೊಳೀಲಿಲ್ಲ? ಎಲೆ ಉದುರಿದ್ದು ಕಣ್ಣಿಗೆ ಕಾಣ್ತಿತ್ತಲ್ಲ!"

"ಹೋಗಲಿ ಬಿಡು. ಅವಳಿಗೇನು ಗೊತ್ತಾಗುತ್ತೆ? ನಿಮ್ಮೂರಿನ ವಿಶೇಷ ಪದ್ಧತಿ ಅಂದುಬಿಡು."

ನನ್ನ ಜಾಗದಲ್ಲಿ ಯಾವ ವ್ಯಾಪಾರಿಯಾದರೂ ಕೊಡುವ ಸಲಹೆಯೇ ಅದು. ಮಾರನೆಯ ದಿನ ಅವನು ಅರ್ಧ ದಿನ ರಜೆ ಹಾಕಿ ಸರಟೋಗಾಕ್ಕೆ ಹೋಗಿ, ತನ್ನ ಗೋಡೌನ್ ಇಂಗ್ಲಿಷಿನಲ್ಲೇ, ತಪ್ಪಾಯಿತೆಂದು ಅವಳ ಮುಂದೆ ಒಪ್ಪಿಕೊಂಡು ಬಂದ. ಅವಳು ಒಂದು ಲೋಟ ಕಾಫಿ ಕೊಟ್ಟಳಂತೆ, ಸಕ್ಕರೆ ಹಾಕದೆ.

ಏಪ್ರಿಲ್ ಇಪ್ಪತ್ತೈದರ ಬೆಳಿಗ್ಗೆ ಆ ತಗ್ಗಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಮೇಲುಗಡೆಯ ಪಕ್ಕದವನ ತೋಟದಲ್ಲಿ ಮೊಳದುದ್ದ ಬೆಳೆದಿದ್ದ ಚಿಗುರು ಮಧ್ಯಾಹ್ನದ ಹೊತ್ತಿಗೆ ಕಪ್ಪಗೆ ನೇತುಬಿದ್ದಿತು. ಕಾರ್ಮೆಲಾಳ ಬಳ್ಳಿಯಲ್ಲಿ ಸುಡುವುದಕ್ಕೆ ಏನೂ ಇರಲಿಲ್ಲ. ದೇವರಾಜು ಬಿಟ್ಟಿದ್ದ ಬುಡದ ಕಣ್ಣುಗಳು ಇನ್ನೂ ಕಂದು ಟೋಪಿ ತೆಗೆದಿರಲಿಲ್ಲ.

ಇದನ್ನು ತನ್ನ ಜಾಣತನವೆಂದು ಅವನು ಒಮ್ಮೆಯಾದರೂ ಹೇಳಿಕೊಂಡಿದ್ದರೆ ನಾನು ಅವನ ಬಗ್ಗೆ ಬರೆಯುತ್ತಿರಲಿಲ್ಲ. ಪಕ್ಕದ ತೋಟದವನು ಬೇಲಿಯ ಬಳಿ ಬಂದು, ನಿನಗೆ ಹೇಗೆ ಗೊತ್ತಾಯಿತು ಎಂದು ಬೆರಗಿನಿಂದ ಕೇಳಿದನಂತೆ. "ಮಿಸ್ಟೇಕು ಸಾರ್," ಎಂದನಂತೆ ಇವನು. ಆ ಮನುಷ್ಯ ಇಂದಿಗೂ ನಂಬಿಲ್ಲ. ಇಂಡಿಯನ್ನರು ಗುಟ್ಟು ಬಿಟ್ಟುಕೊಡುವುದಿಲ್ಲ ಎಂದುಕೊಂಡಿದ್ದಾನೆ.

ಇಬ್ಬನಿ ಬಿಟ್ಟಿತು, ತಡವಾದದ್ದು ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಊರಿನವರೆಲ್ಲ ಕೊಯ್ಯುತ್ತಿದ್ದಾಗ ನಮ್ಮ ಕಾಯಿಗೆ ಆಗಷ್ಟೇ ಬಣ್ಣ ತಿರುಗಿತ್ತು. ದೇವರಾಜು ಕತ್ತರಿ ಹಿಡಿದು ಅರ್ಧದಷ್ಟು ಗೊಂಚಲುಗಳನ್ನು ನೆಲಕ್ಕೆ ಉದುರಿಸಿದ. ಬಳ್ಳಿಗೆ ಹೊರೆ ಕಡಿಮೆಯಾದರೆ ಉಳಿದದ್ದಾದರೂ ಬೇಗ ಹಣ್ಣಾಗುತ್ತದೆ ಎಂಬುದು ಅವನ ಲೆಕ್ಕ. ಪೀಪಾಯಿ ತುಂಬಿಸುವ ಮಾತು ಕೊಟ್ಟವನು ಹಣ್ಣು ಬಿಸಾಡುವುದನ್ನು ನೋಡಿ ನಾನು ಕೂಗಿಕೊಂಡೆ.

"ಲೇ, ಅಷ್ಟು ಬಿಟ್ಟಿದ್ರೆ ಎರಡು ಪೀಪಾಯಿ ಆಗ್ತಿತ್ತಲ್ಲೋ!"

"ಆಗ್ತಿತ್ತು. ಎರಡು ಪೀಪಾಯಿ ಹುಣಸೆಹಣ್ಣಿನ ಗೊಜ್ಜು."

ನವೆಂಬರ್ ಹತ್ತಕ್ಕೆ ಮೋಡ ಕಟ್ಟಿತು. ಕಾರ್ಮೆಲಾ ಕೊಯ್ದುಬಿಡೋಣ ಎಂದಳು. ಅವನು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಸಿಪ್ಪೆ ಬೇರೆ, ತಿರುಳು ಬೇರೆ ಮಾಡಿ, ಬೀಜವನ್ನು ಕಡಿದು ಅಂಗೈಗೆ ಉಗಿದು ತೋರಿಸಿದ. ಬೀಜದ ಬೆನ್ನು ಹಸಿರಾಗಿತ್ತು. "ಬೀಜ ಹುರಿಗಡಲೆ ಥರ ಕಟಕ್ ಅನ್ಬೇಕಮ್ಮಾ. ಇದು ಮೆತ್ತಗೈತೆ," ಎಂದ, ಕನ್ನಡದಲ್ಲೇ. ಅವಳೂ ಒಂದು ಬೀಜ ಕಡಿದಳು, ಮುಖ ಹಿಂಡಿದಳು, ಒಪ್ಪಿದಳು. ದ್ರಾಕ್ಷಿಯವರ ನಡುವೆ ಅಂಗಡಿ ಇಂಗ್ಲಿಷಿಗೆ ಕೆಲಸವಿಲ್ಲವೆಂದು ಅಂದು ನನಗೆ ತಿಳಿಯಿತು.

ಮಳೆ ಹನ್ನೆರಡಕ್ಕೆ ಹಿಡಿಯಿತು. ಅದಕ್ಕೆ ಮುಂಚಿನ ದಿನ ದೇವರಾಜು ಗೋಡೌನಿನಲ್ಲಿ ಸರಕಿಗೆ ಹೊದಿಸಿ ಬಿಸಾಡುವ ಪ್ಲಾಸ್ಟಿಕ್ ಹಾಳೆಗಳನ್ನು ಮ್ಯಾನೇಜರಿಂದ ಕೇಳಿ ತಂದು, ಸಾಲು ಸಾಲಿಗೆ ಚಪ್ಪರ ಹಾಕಿದ್ದ. ಪ್ರಭಾ ನೈಟ್ ಡ್ಯೂಟಿ ಮುಗಿಸಿ ನೇರವಾಗಿ ಬಂದು, ಬಿಳಿ ಯೂನಿಫಾರ್ಮಿನ ಮೇಲೆ ಸ್ವೆಟರು ಹಾಕಿಕೊಂಡು, ತುದಿಗಳನ್ನು ಬ್ಯಾಂಡೇಜು ಕಟ್ಟುವ ಗಂಟಿನಲ್ಲಿ ಕಟ್ಟಿದಳು. ಒಂದು ಗಂಟೂ ಬಿಚ್ಚಲಿಲ್ಲ.

"ನಮ್ಮ ಮನೆಯೋರು ನನ್ನ ಮದುವೆ ಚಪ್ಪರಕ್ಕೂ ಇಷ್ಟು ಒದ್ದಾಡ್ಲಿಲ್ಲ ಶೆಟ್ರೆ," ಎಂದಳು.

"ಅವತ್ತು ಮಳೆ ಬರ್ಲಿಲ್ವಲ್ಲ," ಎಂದ ಗಂಡ, ಏಣಿಯ ಮೇಲಿಂದ.

ಮಳೆ ನಿಂತ ದಿನಗಳಲ್ಲಿ ಹಾಳೆ ಸರಿಸಿ ಗಾಳಿ ಬಿಟ್ಟ, ಗೊಂಚಲ ಸುತ್ತಲಿನ ಎಲೆ ಕಿತ್ತ, ಕೊಳೆತ ಹಣ್ಣನ್ನು ಒಂದೊಂದಾಗಿ ಬಿಡಿಸಿದ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ, ನವೆಂಬರ್ ಇಪ್ಪತ್ತಮೂರಕ್ಕೆ, ಬೀಜ ಕಟಕ್ ಎಂದಿತು. ಅಂದೇ ಕೊಯ್ದರು. ಸಣ್ಣ ಹಣ್ಣು, ಬೂದಿ ಬಳಿದಂಥ ಕಪ್ಪು, ದಪ್ಪ ಸಿಪ್ಪೆ. ಕಾರ್ಮೆಲಾ ಹಣ್ಣನ್ನು ತೊಟ್ಟಿಯಲ್ಲಿ ತುಳಿಸಿ, ಸಿಪ್ಪೆಯ ಜೊತೆಯಲ್ಲೇ ಎರಡು ವಾರ ಹುಳಿಯಲು ಬಿಟ್ಟು, ಡಿಸೆಂಬರ್ ಎರಡನೆಯ ಶನಿವಾರ ಹಿಂಡಿ ಪೀಪಾಯಿಗೆ ಸುರಿಸಿದಳು.

ನಾನೂ ಪ್ರಭಾಳೂ ನೋಡುತ್ತ ನಿಂತಿದ್ದೆವು. ಕೊನೆಯ ಬಿಂದಿಗೆ ಸುರಿದಾದ ಮೇಲೆ ದೇವರಾಜು ಪೀಪಾಯಿಯ ಬಾಯಲ್ಲಿ ಕಡ್ಡಿ ಇಳಿಸಿ ನೋಡಿದ. ಮೂರು ಬೆರಳು ಕಡಿಮೆ. ಪೀಪಾಯಿಯಲ್ಲಿ ಗಾಳಿಗೆ ಜಾಗ ಬಿಟ್ಟರೆ ವೈನು ಹುಳಿಯಾಗಿ ಹೋಗುತ್ತದೆ. ಆದ್ದರಿಂದ ಪೀಪಾಯಿ ತುಂಬುವುದೆಂದರೆ ಬಾಯಿತನಕ ತುಂಬುವುದೇ. ಕಾರ್ಮೆಲಾ ಹಿಂಡುವ ಯಂತ್ರವನ್ನು ತೊಳೆಯಲು ಅತ್ತ ಹೋಗಿದ್ದಳು.

ನಾನು ಅವನ ಕಿವಿಯಲ್ಲಿ ಹೇಳಿದೆ: "ಕಾರಿನಲ್ಲಿ ತೌರಾಸಿ ಪೆಟ್ಟಿಗೆ ಇದೆ. ಇವಳಿಗೆ ಉಡುಗೊರೆ ಕೊಡೋಣ ಅಂತ ತಂದಿದ್ದೆ. ಅದೇ ದ್ರಾಕ್ಷಿ, ಅವಳ ಊರಿನ ಕಡೆಯದ್ದೇ. ಸುರಿದುಬಿಡು."

"ಈ ತೋಟದ್ದಲ್ಲವಲ್ಲ ಶೆಟ್ರೆ."

"ಯಾರಿಗೆ ಗೊತ್ತಾಗುತ್ತೆ?"

"ನನಗೆ," ಎಂದ. ಕಡ್ಡಿಯನ್ನು ಒರೆಸದೆ ಹಾಗೆಯೇ ಎತ್ತಿಕೊಂಡು ಹೋಗಿ ಅವಳ ಮುಂದೆ ಹಿಡಿದ. "ತುಂಬಲಿಲ್ಲಮ್ಮಾ."

ಕಾರ್ಮೆಲಾ ಕಡ್ಡಿಯನ್ನು ನೋಡಿದಳು. ತಾನೇ ಬಂದು ಇನ್ನೊಮ್ಮೆ ಇಳಿಸಿ ಅಳೆದಳು. ಇವನ ಮಾತನ್ನೂ ಅಳೆಯದೆ ಬಿಡುವ ಹೆಂಗಸಲ್ಲ ಅವಳು. ಮೂರು ಬೆರಳೇ. ಕಡ್ಡಿಯನ್ನು ಅಲ್ಲೇ ಇಟ್ಟು ಮನೆಯೊಳಗೆ ಹೋದಳು. ಮಗನಿಗೆ ಫೋನು ಮಾಡಲು ಹೋದಳೆಂದು ನಾನು ಎಣಿಸಿದೆ. ದೇವರಾಜುವೂ ಹಾಗೆಯೇ ಎಣಿಸಿರಬೇಕು. ಕತ್ತರಿಯನ್ನು ಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಚ್ಚಿ, ಚೀಲದಲ್ಲಿಟ್ಟ. ಪ್ರಭಾ ಅವನ ಬೆನ್ನಿನ ಮೇಲಿದ್ದ ದ್ರಾಕ್ಷಿ ಸಿಪ್ಪೆಯೊಂದನ್ನು ತೆಗೆದಳು.

ಕಾರ್ಮೆಲಾ ಹೊರಗೆ ಬಂದಾಗ ಅವಳ ಕೈಯಲ್ಲಿದ್ದ ತಂತಿಯ ಬುಟ್ಟಿಯಲ್ಲಿ ಧೂಳು ಹಿಡಿದ ಬಾಟಲಿಗಳಿದ್ದವು. ಮೇಲೆ ಚೀಟಿಯಿಲ್ಲ, ಬಳಪದಲ್ಲಿ ಬರೆದ ಇಸವಿ ಮಾತ್ರ. ಗಂಡ ಇದೇ ಬಳ್ಳಿಗಳಿಂದ ಕೊನೆಯ ಸಲ ಮಾಡಿದ್ದು, ಅವಳು ಯಾರಿಗೂ ತೆಗೆಯದೆ ಇಟ್ಟುಕೊಂಡದ್ದು. ಮೊದಲನೆಯದರ ಬಿರಡೆ ಕಿತ್ತು, ಮೂಸಿ, ಪೀಪಾಯಿಯ ಬಾಯಿಗೆ ತಾನೇ ಸುರಿದಳು. ಆಮೇಲೆ ಎರಡನೆಯದು, ಮೂರನೆಯದು. ಆರನೆಯದಕ್ಕೆ ಕಪ್ಪುಗೆಂಪು ಬಾಯಿಯಂಚಿಗೆ ಬಂದು ಮಿನುಗಿತು.

"ಈ ತೋಟದ್ದೇ," ಎಂದಳು ನನ್ನ ಕಡೆ ನೋಡಿ. ನನ್ನ ಪಿಸುಮಾತು ಅವಳಿಗೆ ಕೇಳಿಸಿತ್ತೋ ಏನೋ, ಕನ್ನಡ ಬರುತ್ತಿರಲಿಲ್ಲವಾದರೂ. ವ್ಯಾಪಾರಿಯ ಪಿಸುಮಾತು ಎಲ್ಲ ಭಾಷೆಯಲ್ಲೂ ಒಂದೇ.

ಮುಚ್ಚಳವಿಟ್ಟು ಮರದ ಸುತ್ತಿಗೆಯಿಂದ ಎರಡೇಟು ಹಾಕಿದಳು. ಸೊಂಟಕ್ಕೆ ಕೈಯಿಟ್ಟು ದೇವರಾಜುವಿನ ಕಡೆ ತಿರುಗಿ, "ಜನವರಿಯಲ್ಲಿ ಸವರಬೇಕೋ, ಯುಗಾದಿಗೋ?" ಎಂದು ಕೇಳಿದಳು. ಆ ಹಬ್ಬದ ಹೆಸರನ್ನು ಅವಳು ಯಾವಾಗ ಕಲಿತಳೋ ತಿಳಿಯದು.

ದೇವರಾಜು ಹೆಂಡತಿಯ ಕಡೆ ನೋಡಿ, "ಇನ್ಮೇಲೆ ಶನಿವಾರ ನಿಂಗೆ ಡ್ಯೂಟಿ ಅಲ್ವಾ? ಇಲ್ಲಿಗೆ ಬರೋಕೆ ಕಾರು?" ಎಂದ.

"ನಾನು ಬಸ್ಸಲ್ಲಿ ಹೋಗ್ತೀನಿ," ಎಂದಳು ಪ್ರಭಾ. "ಮೊದ್ಲು ಅವರಿಗೆ ಉತ್ತರ ಹೇಳ್ರೀ."